ಹರಿಗೋಲು ದಡ ಹತ್ತೋ ಹೊತ್ತು

ಅಕ್ಕಾ, ಬೇಲಿಗೆ ಒರಗಿಸಿಟ್ಟಿರೋ ಆ ಹರಿಗೋಲು ನಿಮ್ಮ ತಮ್ಮನ ಮಗಂದೇ ತಾನೆ? ಗೊರೂರು ಹಿನ್ನೀರಿಗೆ ಬಲೆ ಬಿಡೋಕೆ ಹೋಗ್ತಾನೆ ಅಂದಿದ್ರಲ್ಲ. ಈಗ ತಾನೇ ಅದರ ತಳ ನೋಡಿ ಹೊಟ್ಟೆ ಉರೀತು ಕಣಕ್ಕ. ಒಳಗಿನ ಬಿದಿರ ದಬ್ಬೆ ಇನ್ನೂ ಹೊಸದು, ಬಣ್ಣ ಕೂಡ ಮಾಸಿಲ್ಲ. ತಳದಲ್ಲಿ ನೋಡಿದ್ರೆ ಡಾಂಬರು ಕಿತ್ತು ಚೀಲದ ಎಳೆ ಆಚೆ ಬಂದಿದೆ. ಇದು ನೀರಲ್ಲಿ ಆದ ಗಾಯ ಅಲ್ಲ. ನಡುನೀರಲ್ಲಿ ಹರಿಗೋಲಿನ ತಳಕ್ಕೆ ಏನೂ ಆಗಲ್ಲ. ಅದಕ್ಕೆ ಏಟು ಬೀಳೋದೆಲ್ಲ ದಡ ಇನ್ನೇನು ಒಂದು ಮಾರು ದೂರ ಇದೆ ಅನ್ನೋವಾಗ.

ಹುಡುಗರಿಗೆ ಅವಸರ. ಜೋರಾಗಿ ಹುಟ್ಟು ಹಾಕ್ಕೊಂಡು ಬಂದು ಸರ್‍ರಂತ ದಡಕ್ಕೆ ನುಗ್ಗಿಸ್ತಾರೆ, ನಿಂತಲ್ಲಿಂದಲೇ ಧುಮುಕ್ತಾರೆ, ಆಮೇಲೆ ಅಂಚು ಹಿಡಿದು ದರದರ ಎಳೀತಾರೆ. ತಳದಲ್ಲಿ ಇರೋದಾದ್ರೂ ಏನು? ಬಿದಿರ ಸೀಳಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದಕ್ಕೆ ಬಳಿದ ಡಾಂಬರು. ಕೆಳಗೆ ಒಂದು ಚೂಪುಗಲ್ಲು, ಮೇಲಿಂದ ಧುಮುಕೋನ ಹಿಮ್ಮಡಿ. ಒರಳಿಗೂ ಒನಕೆಗೂ ನಡುವೆ ಸಿಕ್ಕಿದ ಹಾಗೆ ಆ ತೆಳು ಹೊದಿಕೆ ನಜ್ಜುಗುಜ್ಜಾಗುತ್ತೆ. ಮೇಲಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಮಾರನೇ ದಿನ ನಡುನೀರಿಗೆ ಹೋದಾಗ ಕಾಲಡಿ ತಣ್ಣಗಾಗೋಕೆ ಶುರುವಾಗುತ್ತೆ.

ಹೊಳೆಯಲ್ಲೇ ಬೆಳೆದ ಹಳಬರು ದಡ ಮುಟ್ಟೋದನ್ನ ನೋಡಬೇಕು. ಹುಟ್ಟನ್ನ ಮುಂದೆ ಹಾಕಿ ತಮ್ಮ ಕಡೆಗೆ ಎಳ್ಕೊಂಡು ಬರ್ತಾರಲ್ಲ, ಹಾಗಾಗಿ ಹುಟ್ಟು ಹಾಕೋನು ಕೂತ ಕಡೆಯೇ ಮೊದಲು ದಡಕ್ಕೆ ಸಿಗೋದು. ಅವನ ಭಾರಕ್ಕೆ ಆ ಕಡೆಯೇ ಹೆಚ್ಚು ತಗ್ಗಿರುತ್ತೆ, ಕಲ್ಲಿಗೆ ತಗಲೋದೂ ಅದೇ. ಅದಕ್ಕೇ ಮೊಣಕಾಲುದ್ದ ನೀರು ಇರೋವಾಗಲೇ ಹುಟ್ಟು ನಿಲ್ಲಿಸಿ, ಅಂಚು ಹಿಡ್ಕೊಂಡು ಮೆಲ್ಲಗೆ ನೀರಿಗೆ ಇಳಿದುಬಿಡ್ತಾರೆ. ಇಳಿದ ಕೂಡಲೇ ಆ ಕಡೆ ಮೇಲೇಳುತ್ತೆ. ಆಮೇಲೆ ಬಲೆ, ಮೀನಿನ ಕುಕ್ಕೆ ಒಂದೊಂದಾಗಿ ದಡಕ್ಕೆ. ಜನ ಇದ್ರೆ ಒಬ್ಬೊಬ್ಬರೇ, ನಡುವಿನಿಂದ ಎದ್ದು, ಕಾಲು ಜಾರಿಸ್ಕೊಂಡು ಇಳೀಬೇಕು. ಬರಿದಾದ ಹರಿಗೋಲನ್ನ ಅವರು ನೆಲಕ್ಕೆ ಉಜ್ಜಿಸಲ್ಲ, ಎತ್ತಿ ತಲೆ ಮೇಲೆ ಕವುಚಿಕೊಂಡು ನಡೀತಾರೆ. ಹೊರೋಷ್ಟು ಹಗುರ ಇರೋದೇ ಅದರ ಗುಣ. ಅದನ್ನ ಎಳೆದುಕೊಂಡು ಹೋದ್ರೆ ಆ ಗುಣ ಇದ್ದೇನು ಬಂತು?

ಇದು ಇವತ್ತು ನಿನ್ನೆ ಕಲಿತ ಕೆಲಸವೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯಸ್ ನಮ್ಮ ನದಿಗಳ ಬುಟ್ಟಿದೋಣಿ ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದ್ರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು ಅಂತ. ಕುದುರೆಯ ಗೊರಸು ಒಳಗೆ, ತುಂಗಭದ್ರೆಯ ಬಂಡೆ ಹೊರಗೆ! ದಪ್ಪ ಚರ್ಮ ಒಂದಿಷ್ಟು ತಡ್ಕೊಳ್ತಿತ್ತು ನಿಜ, ಆದರೆ ಒದ್ದೆ ಬಿಟ್ರೆ ಕೊಳೀತಿತ್ತು. ಈಗಿನ ಚೀಲ ಕೊಳೆಯಲ್ಲ, ಕಲ್ಲಿಗೆ ಮಾತ್ರ ಬೇಗ ಸೋಲುತ್ತೆ.

ನಮ್ಮ ಹೊಳೇನರಸೀಪುರದ ಹೊಳೆಯಲ್ಲಾದ್ರೆ ದಡ ಯಾವುದು, ಕಲ್ಲು ಎಲ್ಲಿದೆ ಅಂತ ತಲೆಮಾರಿನಿಂದ ಗೊತ್ತು. ಗೊರೂರು ಹಿನ್ನೀರಿನ ಕಥೆಯೇ ಬೇರೆ ಅಕ್ಕ, ಹುಡುಗನಿಗೆ ಇದನ್ನ ಕೂರಿಸಿ ಹೇಳಬೇಕು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ನದಿ ಒಂದೇ ಅಲ್ಲ. ಹಳ್ಳಿ, ಹೊಲ, ತೋಪು, ಬಾವಿ, ದನದ ಕೊಟ್ಟಿಗೆ ಎಲ್ಲ ಇತ್ತು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದ್ರೆ ಆಷಾಢ ಶ್ರಾವಣದ ಹೊತ್ತಿಗೆ ತುಂಬುತ್ತೆ. ಆಗ ದಡ ಅಂದ್ರೆ ಹುಲ್ಲು, ಮೆದು ಮಣ್ಣು, ಎಲ್ಲಿ ನಿಲ್ಲಿಸಿದ್ರೂ ನಡೆಯುತ್ತೆ. ನಾಲೆಗೆ ನೀರು ಬಿಟ್ರೆ ಮಟ್ಟ ಇಳಿಯೋಕೆ ಶುರು. ಚನ್ನರಾಯಪಟ್ಟಣದ ಗದ್ದೆಗೆ, ಬಾಗೂರು ನವಿಲೆ ಸುರಂಗ ಹಾಯ್ದು ತುಮಕೂರಿನ ಕಡೆಗೆ ನೀರು ಹೋದಷ್ಟೂ ಇಲ್ಲಿ ದಡ ಕೆಳಕ್ಕೆ ಸರೀತದೆ.

ಹೋದ ವಾರ ಹರಿಗೋಲು ನಿಲ್ಲಿಸಿದ ಜಾಗ ಈ ವಾರ ಒಣನೆಲ. ಈ ವಾರ ನಿಲ್ಲಿಸೋ ಜಾಗ ಹೋದ ವಾರ ಆಳುದ್ದ ನೀರಿನ ಕೆಳಗಿತ್ತು, ಅಲ್ಲಿ ಏನಿದೆ ಅಂತ ಯಾರು ಕಂಡಿದ್ರು? ಮುಳುಗಿದ ಮನೆಯ ತಳಪಾಯದ ಕಲ್ಲು, ಕಡಿದ ಮರದ ಬೊಡ್ಡೆ, ಹಳೇ ಬೇಲಿಯ ಕಲ್ಲುಕಂಬ, ಒಂದೊಂದೇ ಮೇಲೆ ಬರ್ತಾ ಇರುತ್ತೆ. ಪೂರ್ತಿ ಮೇಲೆ ಬಂದದ್ದು ಕಣ್ಣಿಗೆ ಕಾಣುತ್ತೆ, ಅದರಿಂದ ಭಯವಿಲ್ಲ. ನೀರಿನ ಮಟ್ಟಕ್ಕೆ ನಾಲ್ಕು ಬೆರಳು ಕೆಳಗಿರೋದೇ ತಳ ಸೀಳೋದು. ಅದಕ್ಕೆ ದಡ ಹತ್ತಿರ ಬಂದಾಗ ಹುಟ್ಟಿನ ಹಿಂದುಮುಂದು ಮಾಡಿ, ಹಿಡಿ ಕೆಳಗೆ ಬಿಟ್ಟು ನೆಲ ತಡವಬೇಕು. ಕೆಸರಾದ್ರೆ ಹಿಡಿ ಇಳಿಯುತ್ತೆ, ಕಲ್ಲಾದ್ರೆ ಟಕ್ ಅನ್ನುತ್ತೆ. ಒಳ್ಳೇ ಜಾಗ ಸಿಕ್ಕಿದ್ರೆ ಗಳ ನೆಟ್ಟು, ಮಟ್ಟ ಇಳಿದ ಹಾಗೆ ಗಳವನ್ನೂ ಕೆಳಗೆ ಸರಿಸ್ತಾ ಹೋಗಬೇಕು. ಬೇಸಿಗೆಯಲ್ಲಿ ನೀರು ಸರಿದ ನೆಲದಲ್ಲಿ ಬೆಳೆ ತೆಗೆದಿದ್ರೆ ಕೂಳೆ ಇರುತ್ತೆ, ಅದೂ ಡಾಂಬರನ್ನ ಚುಚ್ಚುತ್ತೆ.

ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಇನ್ನೂ ಎಚ್ಚರ ಬೇಕು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗೋಡೆ, ಮಳೆಗಾಲದಲ್ಲಿ ಅರ್ಧ ನೀರಲ್ಲಿ ನಿಂತಿರುತ್ತೆ. ನೋಡೋಕೆ ಬಂದವರು ಹರಿಗೋಲನ್ನ ಗೋಡೆಗೇ ತಾಗಿಸಿ ಅಂತಾರೆ, ಫೋಟೊ ಬೇಕಲ್ಲ. ಉದುರಿದ ಇಟ್ಟಿಗೆ, ಗಾರೆ ಎಲ್ಲ ಗೋಡೆ ಬುಡದಲ್ಲೇ ಬಿದ್ದಿದೆ. ಹರಿಗೋಲಿನ ತಳಾನೂ ಹೋಗುತ್ತೆ, ಮೊದಲೇ ಕುಸೀತಿರೋ ಗೋಡೆಗೂ ಏಟು. ಕಾಸು ಕೊಟ್ಟವರು ಕೇಳಿದ್ರೂ ಸರಿ, ಅಂಬಿಗ ಬೇಡ ಅನ್ನಲೇಬೇಕು.

ಚನ್ನರಾಯಪಟ್ಟಣದ ಕಡೆ ಕೆರೆಗಳಲ್ಲಿ ಜನ ಏರಿ ಕಡೆಗೇ ಹರಿಗೋಲು ತರ್ತಾರೆ, ರಸ್ತೆ ಅಲ್ಲೇ ಇರೋದ್ರಿಂದ. ಏರಿಯ ಒಳಮೈಗೆ ಕಟ್ಟಿರೋದು ಒರಟು ಕಲ್ಲು, ಅಲೆಗೆ ಹರಿಗೋಲು ಅದಕ್ಕೆ ಉಜ್ಜುತ್ತಲೇ ಇರುತ್ತೆ. ನಾಲ್ಕು ಹೆಜ್ಜೆ ಹೆಚ್ಚು ನಡೆದ್ರೂ ಪರವಾಗಿಲ್ಲ, ಕೆರೆಯಂಗಳದ ಕೆಸರಿನ ಕಡೆಯೇ ಒಳ್ಳೇದು. ಅರಕಲಗೂಡಿನ ರಾಮನಾಥಪುರದಲ್ಲಿ ಕಾವೇರಿ ಪೂರ್ತಿ ಬಂಡೆ. ವಹ್ನಿ ಪುಷ್ಕರಿಣಿಯ ದೇವರ ಮೀನು ನೋಡಿ ಕೈಮುಗಿದು ಬರೋ ಜಾಗ ಅದು, ಹರಿಗೋಲಿಗೆ ಹೇಳಿದ್ದಲ್ಲ.

ಕರಾವಳಿಯ ದೋಣಿಗಳನ್ನ ಎಳೆದೇ ಮೇಲೆ ಹಾಕ್ತಾರಲ್ಲ ಅಂತ ಹುಡುಗ ವಾದ ಮಾಡಬಹುದು. ಅಲ್ಲಿ ಮರದ ದೋಣಿಯ ಅಡಿಯಲ್ಲಿ ಉದ್ದಕ್ಕೂ ಒಂದು ದಪ್ಪ ಮರ ಇರುತ್ತೆ, ಮೊದಲ ಏಟು ಅದು ತಿನ್ನುತ್ತೆ. ಸವೆದ್ರೆ ಅದಕ್ಕೆ ಪಟ್ಟಿ ಹೊಡೀಬಹುದು. ಕೆಳಗೆ ಮರಳು, ಅದರ ಮೇಲೆ ದಿಮ್ಮಿ ಇಟ್ಟು ಉರುಳಿಸ್ತಾರೆ. ಹರಿಗೋಲಿಗೆ ಅಂಥ ಅಡಿಮರ ಇಲ್ಲ, ಇಡೀ ತಳವೇ ನೆಲಕ್ಕೆ ಕೂರೋದು. ಆ ಸವೆಯೋ ಮರದ ಉಪಾಯವನ್ನ ಮಾತ್ರ ನಾವೂ ತಗೋಬಹುದು. ತಳದ ನಡುವೆ, ಕೈಚಾಚಿದಷ್ಟು ಅಗಲಕ್ಕೆ, ಇನ್ನೊಂದು ಪದರ ಚೀಲ ಅಂಟಿಸಿದ್ರೆ ಸವೆಯೋದು ಅದು, ಒಳಗಿನದು ಉಳಿಯುತ್ತೆ. ಹರಿದಾಗ ಅದನ್ನೇ ಬದಲಾಯಿಸಿದ್ರಾಯ್ತು. ಫೈಬರ್ ಹರಿಗೋಲು ತಗೊಂಡ್ರೆ ಈ ತೊಂದರೆ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಅದರ ಹೊರಮೈಯ ನುಣುಪು ಪದರ ಕಲ್ಲಿಗೆ ಕೆರೆದು ಹೋದ್ರೆ ಒಳಗಿನ ಎಳೆಗೆ ನೀರು ಇಳಿಯುತ್ತೆ, ಎಳೆ ಪದರ ಪದರವಾಗಿ ಬಿಡುತ್ತೆ. ಅದನ್ನ ಮನೆ ಅಂಗಳದಲ್ಲಿ ಡಾಂಬರು ಕಾಯಿಸಿ ಸರಿಮಾಡೋಕೆ ಆಗಲ್ಲ.

ಈಗ ಈ ಹರಿಗೋಲಿನ ವಿಷಯ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಅವನು ಇದನ್ನ ತಲೆ ಮೇಲೆ ಕವುಚಿಕೊಂಡು ಒಳಗಿನಿಂದ ಮೇಲೆ ನೋಡಲಿ. ತೂತು ಎಷ್ಟಿದ್ರೂ ಅಲ್ಲಲ್ಲೇ ಬೆಳಕಿನ ಚುಕ್ಕಿ ಕಾಣುತ್ತೆ, ಸೂಜಿಮೊನೆಯಷ್ಟು ಚಿಕ್ಕದೂ ತಪ್ಪಿಸ್ಕೊಳ್ಳಲ್ಲ. ಒಬ್ಬರು ಹೊರಗಿನಿಂದ ಸುಣ್ಣದಲ್ಲಿ ಗುರುತು ಹಾಕಬೇಕು, ನಾನೇ ಬರ್ತೀನಿ ಬೇಕಾದ್ರೆ. ಗುರುತಿನ ಸುತ್ತ ಮಣ್ಣು, ಮರಳು ಒಂದು ಕಣವೂ ಇರಬಾರದು. ಒದ್ದೆ ಇದ್ರೆ ಡಾಂಬರು ಹಿಡಿಯಲ್ಲ, ಅದಕ್ಕೆ ಮೊದಲು ಒಣಗಬೇಕು. ಹಾಗಂತ ದಿನವೆಲ್ಲ ಬಿಸಿಲಲ್ಲಿ ಬಿಡಬೇಡಿ. ಡಾಂಬರು ಮೆದುವಾಗಿ, ನೆಲದ ಜಲ್ಲಿ ಅದರಲ್ಲಿ ಹೂತುಕೊಳ್ಳುತ್ತೆ. ಆಮೇಲೆ ಪ್ರತಿ ಸಲ ಇಟ್ಟು ಎತ್ತಿದಾಗಲೂ ಆ ಜಲ್ಲಿಯೇ ಒಳಗಿಂದ ಕೊರೆಯುತ್ತೆ. ಕೆಲಸ ಇಲ್ಲದಾಗ ನೆರಳಲ್ಲಿ, ಹುಲ್ಲಿನ ಮೇಲೆ, ಬೋರಲು ಹಾಕಿಡಬೇಕು, ಮಳೆನೀರು ಒಳಗೆ ನಿಂತ್ರೆ ಬಿದಿರೂ ಹಾಳು.

ಚೀಲದ ತುಂಡು ನಮ್ಮನೆಯಲ್ಲಿ ಬೇಕಾದಷ್ಟಿದೆ, ಬೂಸಾ ಚೀಲ, ಗಟ್ಟಿ ಇದೆ. ತೂತಿಗಿಂತ ಸುತ್ತ ಒಂದು ಗೇಣು ದೊಡ್ಡದಾಗಿ ಕತ್ತರಿಸಬೇಕು, ಮೂಲೆ ದುಂಡಗಿರಲಿ, ಚೂಪು ಮೂಲೆ ಬಿಟ್ರೆ ದಡಕ್ಕೆ ತಗಲಿ ಅಲ್ಲಿಂದಲೇ ಏಳುತ್ತೆ. ಡಾಂಬರು ಕಾಯಿಸೋವಾಗ ಮಕ್ಕಳನ್ನ ಈ ಕಡೆ ಕಳಿಸಿ ಅಕ್ಕ, ನಮ್ಮ ಜಗಲಿಯಲ್ಲಿ ಆಡ್ಕೊಳ್ಳಲಿ.