ಮೂಗಿನ ಮಾಲೀಕನ ಹಾಜರಾತಿ

ಸೌಂದರ್ಯಕ್ಕಾಗಿ ಮೂಗು ತಿದ್ದಿಸಿಕೊಳ್ಳಲು ಹೊರಟವನು, ಆ ಕೆಲಸ ನಡೆಯುವಾಗ ತಾನು ಅಲ್ಲಿ ಹಾಜರಿರಬೇಕೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ; ಮೂಗಂತೂ ಹಾಜರಿರಲೇಬೇಕಾದುದರಿಂದ ಜಿಜ್ಞಾಸೆಯೆಲ್ಲ ಅದರ ಮಾಲೀಕನನ್ನು ಕುರಿತದ್ದು. ಮೂಗಿನ ಸುತ್ತಲ ನರಗಳ ಬಳಿ ಲಿಗ್ನೊಕೇನ್‌ನಂಥ ಔಷಧವನ್ನು ಚುಚ್ಚಿ, ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುವುದು ಸ್ಥಳೀಯ ಅರಿವಳಿಕೆ. ರಕ್ತನಾಳಕ್ಕೆ ಪ್ರೊಪೊಫಾಲ್ ಎಂಬ ಹಾಲುಬಣ್ಣದ ಔಷಧ ಕೊಟ್ಟು, ಗಂಟಲಿಗೆ ಕೊಳವೆ ಇಳಿಸಿ, ಮಾಲೀಕನನ್ನೇ ಸಭೆಯಿಂದ ಹೊರಗೆ ಕಳುಹಿಸುವುದು ಪೂರ್ಣ ಅರಿವಳಿಕೆ. ಸ್ಥಳೀಯ ಅರಿವಳಿಕೆಯ ಜೊತೆಗೆ ಮಂಪರಿನ ಔಷಧವನ್ನೂ ಕೊಡುವ ನಡುದಾರಿಯೊಂದಿದ್ದು, ಯಾವ ಪಕ್ಷಕ್ಕೂ ಸೇರಲೊಲ್ಲದವರಿಗೆ ಅದು ಪ್ರಿಯವಾಗಿದೆ.

ಸುಶ್ರುತ ಸಂಹಿತೆಯು ಕೆನ್ನೆಯ ಚರ್ಮದಿಂದ ಹೊಸ ಮೂಗು ಕಟ್ಟುವ ಕ್ರಮವನ್ನು ವಿವರಿಸುವುದಲ್ಲದೆ, ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಊಟ ಹಾಕಬೇಕೆಂದೂ, ಕುಡಿಯುವ ಅಭ್ಯಾಸವಿದ್ದು ನೋವು ತಾಳಲಾರದವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕೆಂದೂ ವಿಧಿಸುತ್ತದೆ. ಇಂದಿನ ಶಾಸ್ತ್ರವು ಪೂರ್ಣ ಅರಿವಳಿಕೆಗೆ ಮುನ್ನ 6 ಗಂಟೆ ಊಟವನ್ನೂ 2 ಗಂಟೆ ನೀರನ್ನೂ ನಿಷೇಧಿಸುವುದನ್ನು ನೋಡಿದರೆ, ಆತಿಥ್ಯದ ಮಟ್ಟಿಗಾದರೂ ವೈದ್ಯಕೀಯವು ಹಿಂದೆ ಸರಿದಿದೆಯೆಂದು ಒಪ್ಪಬೇಕಾಗುತ್ತದೆ.

ಎಚ್ಚರವಾಗಿರಲು ಬಯಸುವವರು ಮುಖ್ಯವಾಗಿ ವಿಚಾರ ಮಾಡಬೇಕಾದದ್ದು ಸುತ್ತಿಗೆಯನ್ನು ಕುರಿತು. ಅಗಲವಾದ ಮೂಗನ್ನು ಕಿರಿದಾಗಿಸಲು, ಅಥವಾ ಉಬ್ಬನ್ನು ತೆಗೆದ ಮೇಲೆ ಉಳಿದ ಬದಿಗಳನ್ನು ಕೂಡಿಸಲು, ಮೂಳೆಯನ್ನು ಉಳಿಯಿಂದ ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಇದಕ್ಕೆ ಆಸ್ಟಿಯಾಟಮಿ ಎಂದು ಹೆಸರು. ಶಸ್ತ್ರವೈದ್ಯರ ಒಂದು ಕೈ ಉಳಿಯನ್ನು ಹಿಡಿದು, ಇನ್ನೊಂದು ಕೈ ಅದರ ಮೊನೆ ಎಲ್ಲಿದೆಯೆಂದು ಚರ್ಮದ ಮೇಲಿಂದ ತಡವುತ್ತಿರುವ ಕಾರಣ, ಸುತ್ತಿಗೆಯು ಅನೇಕ ವೇಳೆ ಸಹಾಯಕನ ಪಾಲಿಗೆ ಬರುತ್ತದೆ. ಸ್ಥಳೀಯ ಅರಿವಳಿಕೆಯಲ್ಲಿ ನೋವು ತಿಳಿಯದಿದ್ದರೂ ಒತ್ತಡ ತಿಳಿಯುತ್ತದೆ, ಸದ್ದಂತೂ ಕಿಂಚಿತ್ತೂ ಕಡಿಮೆಯಾಗುವುದಿಲ್ಲ; ಅದು ತಲೆಬುರುಡೆಯ ಮೂಲಕವೇ ಒಳಕಿವಿಯನ್ನು ಸೇರುವುದರಿಂದ, ಕಿವಿಗೆ ಹತ್ತಿ ತುರುಕಿದರೆ ಇನ್ನಷ್ಟು ಗಟ್ಟಿಯಾಗಿ ಕೇಳುವ ಸಂಭವವಿದೆ. ವೈದ್ಯರು ‘ಎರಡು’ ಎಂದಾಗ ಎರಡು ಏಟು ಬೀಳಬೇಕು. ಮೂರನೆಯದೊಂದು ಬಿದ್ದರೆ ಅದು ಸಹಾಯಕನ ಅಧಿಕಪ್ರಸಂಗವೋ ಹಿಂದಿನ ಬಾಕಿಯೋ ಎಂದು ಕೇಳುವ ಹಕ್ಕು ಮಾಲೀಕನಿಗೆ ಇದೆಯಾದರೂ, ಉಳಿ ತನ್ನ ಮೂಗಿನೊಳಗಿರುವಾಗ ಉಳಿ ಹಿಡಿದವರೊಡನೆ ಲೆಕ್ಕಾಚಾರಕ್ಕೆ ಇಳಿಯುವುದು ವಿವೇಕವಲ್ಲ. ಅಷ್ಟರಲ್ಲಿ ವೈದ್ಯರು ಸೌಜನ್ಯದಿಂದ ‘ಆರಾಮಾಗಿದ್ದೀರಾ?’ ಎಂದು ವಿಚಾರಿಸುತ್ತಾರೆ. ತಲೆಯಾಡಿಸಿ ಹೌದೆನ್ನೋಣವೆಂದರೆ ಅಲ್ಲಾಡಕೂಡದೆಂದು ಅವರೇ ಕಟ್ಟಪ್ಪಣೆ ಮಾಡಿರುತ್ತಾರೆ. ಬಾಯಿಬಿಟ್ಟು ಹೇಳೋಣವೆಂದರೆ ಮೂಗು ಕಟ್ಟಿ, ಮೇಲ್ದುಟಿ ಮರಗಟ್ಟಿ, ‘ಆರಾಮ’ವು ‘ಆರಾಬ’ವಾಗಿ ಹೊರಡುತ್ತದೆ. ಇದನ್ನು ವೈದ್ಯರು ಸಮ್ಮತಿಯೆಂದೂ, ಸಹಾಯಕನು ಇನ್ನೆರಡು ಏಟಿನ ಕೋರಿಕೆಯೆಂದೂ ಗ್ರಹಿಸಿದರೆ ಯಾರನ್ನೂ ದೂಷಿಸುವಂತಿಲ್ಲ. ಎಡಗಡೆಯಿಂದ ತೆಗೆದ ತನ್ನ ಮದುವೆಯ ಫೋಟೋಗಳನ್ನೆಲ್ಲ ಆಲ್ಬಮ್ಮಿನಿಂದ ಕಿತ್ತಿಟ್ಟಿರುವ ಪ್ರಸ್ತುತ ಲೇಖಕನು, ಈ ಸಂಭಾಷಣೆಯನ್ನು ಊಹಿಸಿಕೊಂಡ ಕ್ಷಣದಿಂದಲೇ ಪೂರ್ಣ ಅರಿವಳಿಕೆಯ ಪಕ್ಷಪಾತಿಯಾಗಿದ್ದಾನೆ.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನಿಗೆ ಇಂಥ ಊಹೆಗಳಿಗೆ ಅವಕಾಶವಿರಲಿಲ್ಲ. ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಆತನಿಗೆ, ಸುಮಾರು ಒಂದು ವರ್ಷದ ನಂತರ ಪುಣೆಯ ಕಡೆಯ ದೇಶೀ ವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಆ ಸುದ್ದಿಯನ್ನು ಚಿತ್ರಸಮೇತ ಅಚ್ಚು ಮಾಡಿತು. ಅದರಿಂದ ಪ್ರೇರಿತನಾದ ಕಾರ್‌ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿಯೇ ಇದೇ ಬಗೆಯ ಶಸ್ತ್ರಕ್ರಿಯೆ ನಡೆಸಿದ. ಈಥರಿನ ಅರಿವಳಿಕೆಯನ್ನು ಬಾಸ್ಟನ್ನಿನಲ್ಲಿ ಸಾರ್ವಜನಿಕವಾಗಿ ತೋರಿಸಿದ್ದು 1846ರಲ್ಲಿ, ಕೊಕೇನಿನಿಂದ ಕಣ್ಣನ್ನಷ್ಟೇ ಮರಗಟ್ಟಿಸಬಹುದೆಂದು ಕೊಲರ್ ಎಂಬ ವೈದ್ಯ ತೋರಿಸಿದ್ದು 1884ರಲ್ಲಿ. ಅದಕ್ಕೂ ಹಿಂದಿನ ಆ ಮೂಗುಗಳೆಲ್ಲ ಪೂರ್ಣ ಎಚ್ಚರದಲ್ಲಿ ಕಟ್ಟಿಸಿಕೊಂಡವು, ಮತ್ತು ಅವುಗಳ ಮಾಲೀಕರು ಕೇಳಿದ್ದು ಚೆಂದವನ್ನಲ್ಲ, ಮೂಗನ್ನು.

ಇಷ್ಟಾದರೂ, ತಿಂಗಳಿಗೊಮ್ಮೆ ತಪ್ಪದೆ ತಲೆಗೆ ಬಣ್ಣ ಹಚ್ಚಿಕೊಳ್ಳುವ ಬಂಧುಗಳು ‘ದೇವರು ಕೊಟ್ಟ ಮೂಗಿಗೇನಾಗಿದೆ?’ ಎಂದು ಉಪದೇಶಿಸುವುದನ್ನು ನಿಲ್ಲಿಸುವುದಿಲ್ಲ. ಅವರಿಗಿಂತ ಅಪಾಯಕಾರಿಗಳೆಂದರೆ, ಸ್ಥಳೀಯವಾದರೆ ಖರ್ಚು ಕಡಿಮೆ, ಅರಿವಳಿಕೆ ಕೊಡುವ ಡಾಕ್ಟರ ಫೀಸಾದರೂ ಉಳಿಯುತ್ತದೆ ಎಂದು ಚೌಕಾಸಿಗೆ ಇಳಿಯುವವರು.

ವಾಸ್ತವದಲ್ಲಿ ಈ ಆಯ್ಕೆಯು ಧೈರ್ಯಕ್ಕಿಂತ ಹೆಚ್ಚಾಗಿ ಕೆಲಸದ ಪ್ರಮಾಣವನ್ನು ಅವಲಂಬಿಸಿದೆ. ತುದಿಯ ಮೃದ್ವಸ್ಥಿಯನ್ನಷ್ಟೇ ತಿದ್ದುವ ಚಿಕ್ಕ ಕೆಲಸಕ್ಕೆ ಸ್ಥಳೀಯ ಅರಿವಳಿಕೆ ಸಾಕಾಗಬಹುದು. ಮೂಳೆ ಕತ್ತರಿಸುವ, ಗಂಟೆಗಟ್ಟಲೆ ಹಿಡಿಯುವ ಕೆಲಸದಲ್ಲಿ ರಕ್ತವು ಗಂಟಲಿಗೆ ಇಳಿಯುವುದರಿಂದ, ಕೊಳವೆಯಿಂದ ಶ್ವಾಸನಾಳವನ್ನು ಕಾಯುವ ಪೂರ್ಣ ಅರಿವಳಿಕೆಯೇ ಅನೇಕ ವೈದ್ಯರಿಗೆ ಸಮಾಧಾನಕರ. ಯಾವುದೇ ಆದರೂ ಕೊನೆಯ ಮಾತು ಅರಿವಳಿಕೆ ತಜ್ಞರದ್ದು. ಆದುದರಿಂದ ಓದುಗರು ಮೂಗಿನ ಚಿತ್ರಗಳನ್ನು ಶಸ್ತ್ರವೈದ್ಯರಿಗೆ ತೋರಿಸುವುದಕ್ಕೂ ಮೊದಲು ಆ ತಜ್ಞರನ್ನು ಕಂಡು, ತಮ್ಮ ಗೊರಕೆ, ಆಸ್ತಮಾ, ಅಲುಗಾಡುವ ಹಲ್ಲು, ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಮನೆಯವರಿಗೆ ತಿಳಿಯದ ಸಿಗರೇಟು, ಇವೆಲ್ಲವನ್ನೂ ಮುಚ್ಚಿಡದೆ ಹೇಳತಕ್ಕದ್ದು.