ತಾರೀಖು ಇಲ್ಲದ ಸುದ್ದಿ

ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಿಗೆ ಬರುತ್ತಿದ್ದ ಪತ್ರಿಕೆಯನ್ನು ದಿನಪತ್ರಿಕೆ ಎಂದು ಕರೆಯಲು ಸ್ವಲ್ಪ ಧೈರ್ಯ ಬೇಕಿತ್ತು. ಬೆಂಗಳೂರಿನಲ್ಲಿ ರಾತ್ರಿ ಅಚ್ಚಾಗಿ, ಶಿವಮೊಗ್ಗದಲ್ಲೊಮ್ಮೆ ತೀರ್ಥಹಳ್ಳಿಯಲ್ಲೊಮ್ಮೆ ಬಸ್ಸು ಬದಲಿಸಿ ನಮ್ಮೂರ ಅಂಗಡಿಯ ಜಗಲಿಗೆ ಅದು ಬಂದು ಬೀಳುವಷ್ಟರಲ್ಲಿ ಎಲ್ಲರ ಊಟ ಮುಗಿದಿರುತ್ತಿತ್ತು. ಆಷಾಢದಲ್ಲಿ ಮರ ಬಿದ್ದೋ ಧರೆ ಜರಿದೋ ಬಸ್ಸು ನಿಂತರೆ ಎರಡು ಮೂರು ದಿನದ ಪೇಪರುಗಳು ಒಟ್ಟಿಗೆ, ಥಂಡಿ ಹಿಡಿದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು.

ನಮ್ಮ ದೊಡ್ಡಪ್ಪ ಅವನ್ನು ಬಚ್ಚಲೊಲೆಯ ಹತ್ತಿರ ಹರವಿ ಒಣಗಿಸಿ, ತಾರೀಖಿನ ಪ್ರಕಾರ ಜೋಡಿಸಿಕೊಂಡು, ಹಳೆಯದರಿಂದ ಶುರುಮಾಡುತ್ತಿದ್ದರು. ಹೊಸ ಪೇಪರಿನ ಹೆಡ್ಡಿಂಗು ಅಪ್ಪಿತಪ್ಪಿಯೂ ಕಣ್ಣಿಗೆ ಬೀಳಬಾರದೆಂದು ಅದನ್ನು ಬೋರಲು ಹಾಕಿಡುತ್ತಿದ್ದರು. ನಾವು ಹುಡುಗರು ಅದಕ್ಕೆ ಕೈಹಾಕಿದರೆ, “ಮಂತ್ರಿ ಇವತ್ತು ರಾಜೀನಾಮೆ ಕೊಡೂದಿಲ್ಲ ಅಂದಿದಾನೆ. ಕೊಟ್ಟರೆ ನಾಳಿನ ಪೇಪರಲ್ಲಿ ಕೊಟ್ಟಿರ್ತಾನೆ. ನಿಮಗೆ ಅವಸರ ಎಂಥಕ್ಕೆ?” ಎಂದು ಗದರುತ್ತಿದ್ದರು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಾಗ ನಮ್ಮಲ್ಲಿ ಹೆಚ್ಚುಕಡಿಮೆ ನಡುರಾತ್ರಿ. ಊರಿನ ರೇಡಿಯೊಗಳೆಲ್ಲ ಗೆಲುವನ್ನು ಸಾರಿ ಹೇಳಿದರೂ ದೊಡ್ಡಪ್ಪ ಒಪ್ಪಲಿಲ್ಲ. ಮರುದಿನ ಬಂದ ಪೇಪರು ಆಟ ಮುಗಿಯುವ ಮೊದಲೇ ಬಸ್ಸು ಹತ್ತಿದ್ದಾಗಿತ್ತು; ಅದರಲ್ಲಿ ಸುದ್ದಿ ಇರಲಿಲ್ಲ. ಹಾಗಾಗಿ ನಮ್ಮ ಮನೆಯ ಮಟ್ಟಿಗೆ ಭಾರತ ಸೋಮವಾರ ಮಧ್ಯಾಹ್ನ ಗೆದ್ದಿತು.

ಈಗ ಅವರ ಮೊಮ್ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ ಬೇಸಿಗೆಯ ಸೋಮವಾರ ಸಂಜೆ ಐದು ಗಂಟೆ ಎಂದರೆ ಇಲ್ಲಿ ಮಂಗಳವಾರ ಬೆಳಗಿನ ಐದೂವರೆ. ಅವಳು ಆಫೀಸಿನಿಂದ ಹೊರಡುವ ಮೊದಲೇ ನಮ್ಮ ಮಂಗಳವಾರದ ಇ-ಪೇಪರು ತೆರೆದು ಓದಿ, ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನು ಮಾಡುತ್ತಾಳೆ: “ಅಮ್ಮಾ, ನಿಮ್ಮ ಕಡೆ ಹತ್ತು ಗಂಟೆಗೆ ಕರೆಂಟು ತೆಗೀತಾರಂತೆ, ದೋಸೆಗೆ ಬೇಗ ರುಬ್ಬಿಕೋ.” ಪೇಪರಿನ ಹುಡುಗ ಇನ್ನೂ ಬೀದಿಯ ತುದಿಯಲ್ಲಿ ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿರುತ್ತಾನೆ. ಸಮುದ್ರದಾಚೆ ಕುಳಿತವಳಿಗೆ ನಾಳೆಯ ಪೇಪರು ಇವತ್ತೇ ಸಿಗುತ್ತದೆಂದು ತಿಳಿದಿದ್ದರೆ ದೊಡ್ಡಪ್ಪ ಅವಳನ್ನು ಅಮೆರಿಕಕ್ಕೆ ಕಳಿಸುತ್ತಲೇ ಇರಲಿಲ್ಲವೇನೋ.

ಇ-ಪೇಪರು ಏನೇ ಆದರೂ ಸಭ್ಯಸ್ಥ. ಅದಕ್ಕೆ ಪುಟವಿದೆ, ಕಾಲಂ ಇದೆ, ಪದಬಂಧವೂ ಇದೆ (ತುಂಬುವುದು ಹೇಗೆ ಎನ್ನುವುದು ಬೇರೆ ಮಾತು). ಎರಡು ಬೆರಳಲ್ಲಿ ಹಿಗ್ಗಿಸಿದರೆ ಚಾಳೀಸಿನ ಕನ್ನಡಕವೂ ಬೇಡ. ನನ್ನ ತಕರಾರಿರುವುದು ಫೋನಿನಲ್ಲಿ ಬೆರಳು ಸರಿಸಿದಷ್ಟೂ ಉಕ್ಕಿ ಬರುವ ಆ ಇನ್ನೊಂದು ಬಗೆಯ ಸುದ್ದಿಯ ಮೇಲೆ. ಅಚ್ಚಿನ ಪುಟದಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ದೂರದಿಂದಲೇ ತಿಳಿಯುತ್ತಿತ್ತು. ಸರ್ಕಾರ ಬಿದ್ದರೆ ಪುಟದ ಉದ್ದಗಲಕ್ಕೂ ಹೆಡ್ಡಿಂಗು, ಸ್ಕೂಟರಿನೊಳಗೆ ಹಾವು ಸಿಕ್ಕಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಫೋನಿನಲ್ಲಿ ಎರಡೂ ಒಂದೇ ಅಳತೆಯ ಚೌಕದಲ್ಲಿ ಬರುತ್ತವೆ. ಸಾಲದ್ದಕ್ಕೆ ಹಾವಿನ ಸುದ್ದಿಗೆ ‘ಆಮೇಲೆ ಆಗಿದ್ದೇನು ಗೊತ್ತಾ?’ ಎಂಬ ಬಾಲ ಬೇರೆ. ಒತ್ತಿ ನೋಡಿದರೆ ಆಮೇಲೆ ಏನೂ ಆಗಿರುವುದಿಲ್ಲ. ಹಾವು ಹಿಡಿಯುವವರು ಬಂದು ಹಿಡಿದುಕೊಂಡು ಹೋಗಿರುತ್ತಾರೆ, ಅಷ್ಟೇ.

ಅದನ್ನಾದರೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ತಾರೀಖು ತಪ್ಪಿಸಿಕೊಂಡು ತಿರುಗುವ ಸುದ್ದಿ. ಪೇಪರಿನಲ್ಲಿ ಪ್ರತಿ ಪುಟದ ನೆತ್ತಿಯ ಮೇಲೂ ವಾರ, ತಾರೀಖು, ಊರು ಅಚ್ಚಾಗಿರುತ್ತವೆ. ಕಡಲೆಕಾಯಿ ಪೊಟ್ಟಣ ಬಿಚ್ಚಿ ಓದಿದವನಿಗೂ ತಾನು ಓದುತ್ತಿರುವುದು ಯಾವ ಕಾಲದ ಸಂಗತಿಯೆಂದು ಗೊತ್ತಾಗುತ್ತಿತ್ತು. ಫೋನಿಗೆ ಬರುವ ಪ್ರವಾಹದ ವಿಡಿಯೊ ಈ ವರ್ಷದ್ದೋ, ಮೂರು ವರ್ಷ ಹಳೆಯದೋ, ಕೊಡಗಿನದೋ ಕೇರಳದ್ದೋ, ಕಳಿಸಿದವರಿಗೂ ಗೊತ್ತಿರುವುದಿಲ್ಲ. ನೀರು ಮಾತ್ರ ಪ್ರತಿ ಸಲವೂ ಹೊಸದಾಗಿ ಹರಿಯುತ್ತಿರುತ್ತದೆ.

ಇದರ ಪರಮಾವಧಿ ನೋಡಬೇಕಾದರೆ ಜುಲೈ ತಿಂಗಳಲ್ಲಿ ಕರಾವಳಿಗೋ ಕೊಡಗಿಗೋ ಹೋಗಬೇಕು. ಭಾರೀ ಮಳೆ ಸುರಿದರೆ ಶಾಲೆಗಳಿಗೆ ರಜೆ ಸಾರುವವರು ಡಿ.ಸಿ. ಸಾಹೇಬರು, ಆದೇಶ ಹೊರಡುವುದು ರಾತ್ರಿ ತಡವಾಗಿ, ಕೆಲವೊಮ್ಮೆ ಬೆಳಗಿನ ಜಾವ. ಇಲ್ಲಿ ಪೇಪರು ಸೋತಿತೆಂದು ಒಪ್ಪಲೇಬೇಕು. ಅದು ಬರುವಷ್ಟರಲ್ಲಿ ಮಗು ಯೂನಿಫಾರ್ಮ್ ಒದ್ದೆ ಮಾಡಿಕೊಂಡು ವಾಪಸು ಬಂದಿರುತ್ತದೆ. ಫೋನಾದರೆ ಕಂಬಳಿಯೊಳಗೇ ರಜೆ ತಲುಪಿಸುತ್ತದೆ. ಆದರೆ ಅದೇ ಫೋನಿನಲ್ಲಿ ಹೋದ ವರ್ಷದ ರಜೆಯ ಆದೇಶವೂ ಸಹಿ, ಮೊಹರು ಸಮೇತ ಎದ್ದು ಬರುತ್ತದೆ. ಅದರ ತಾರೀಖಿನ ಭಾಗವನ್ನು ಕತ್ತರಿಸಿ ಹರಿಬಿಡುವ ಕಲೆಯಲ್ಲಿ ಹೈಸ್ಕೂಲು ಹುಡುಗರು ಪಳಗಿದ್ದಾರೆಂದು ನನ್ನ ಗುಮಾನಿ. ಆಮೇಲೆ ಸಾಹೇಬರು ‘ಇದು ಸುಳ್ಳು, ಶಾಲೆ ಇದೆ’ ಎಂದು ಇನ್ನೊಂದು ಪ್ರಕಟಣೆ ಕೊಡಬೇಕು. ಅದನ್ನು ಮಾತ್ರ ಯಾರೂ ಮುಂದಕ್ಕೆ ಕಳಿಸುವುದಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹುಟ್ಟಿದ್ದೂ ಇಂಥದೇ ಮಳೆಯಲ್ಲಿ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ಊರ ಸುದ್ದಿ, ಸರ್ಕಾರಿ ನಿರೂಪ, ದೂರದೇಶದ ವರ್ತಮಾನ, ಕಥೆ ಎಲ್ಲ ಇರುತ್ತಿದ್ದ ಅದು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಆ ಹದಿನೈದು ದಿನಗಳ ನಡುವೆ ಮಂಗಳೂರಿನವರು ಏನು ಮಾಡುತ್ತಿದ್ದರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಗದ್ದೆ ನಾಟಿ ಮಾಡುತ್ತಿದ್ದರು. ನಾವು ಈಗಲೂ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವೆ. ಅದರ ಸುದ್ದಿಯನ್ನು ಫೋನಿನಲ್ಲಿ ಓದುತ್ತೇವೆ.

ಪೇಪರಿಗೆ ರಜೆಯೂ ಇತ್ತು ಎಂಬುದು ಇಂದಿನ ಮಕ್ಕಳಿಗೆ ನಂಬಲು ಕಷ್ಟ. ಆಯುಧಪೂಜೆಗೋ ದೀಪಾವಳಿಗೋ ಕಚೇರಿ ಮುಚ್ಚಿ, ‘ನಾಳೆ ಸಂಚಿಕೆ ಇರುವುದಿಲ್ಲ’ ಎಂದು ಮುಖಪುಟದಲ್ಲಿ ಪುಟ್ಟ ಚೌಕ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ಮರುದಿನ ದೇಶದಲ್ಲಿ ಏನೇ ಆಗಿರಲಿ, ನಮ್ಮ ಜಗಲಿಯ ಮಟ್ಟಿಗೆ ಏನೂ ಆಗುತ್ತಿರಲಿಲ್ಲ. ಅವತ್ತು ಮನೆಯ ಗಂಡಸರು ಕಾಫಿ ಲೋಟ ಹಿಡಿದು ಎಲ್ಲಿ ನೋಡಬೇಕೆಂದು ತೋಚದೆ, ಹೆಂಡತಿಯ ಮುಖ ನೋಡಿ, ಮಾತು ಸಾಗದೆ, ಹಿಂದಿನ ದಿನದ ಟೆಂಡರು ನೋಟೀಸುಗಳನ್ನೇ ಮತ್ತೆ ಓದುತ್ತಿದ್ದರು.

ಓದಿ ಮುಗಿದ ಮೇಲೆ ಪೇಪರಿಗಿದ್ದ ಎರಡನೇ ಜನ್ಮವನ್ನು ಹೇಳಹೊರಟರೆ ಇನ್ನೊಂದು ಪ್ರಬಂಧವಾದೀತು. ಅವರೆಕಾಯಿ ಸುಲಿಯಲು, ಅಡುಗೆಮನೆಯ ಗೂಡಿಗೆ ಹಾಸಲು, ಮಕ್ಕಳ ಪುಸ್ತಕಕ್ಕೆ ಹೊದಿಸಲು, ಕೊನೆಗೆ ರದ್ದಿಯವನ ತಕ್ಕಡಿಗೆ. ಬೋಂಡಾ ಕಟ್ಟಲು ಮಾತ್ರ ಈಗ ಕಾನೂನಿನಲ್ಲಿ ಅವಕಾಶವಿಲ್ಲ. ಅಚ್ಚಿನ ಮಸಿ ಹೊಟ್ಟೆಗೆ ಕೆಟ್ಟದ್ದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ತಡೆದಿದೆ. ಸರಿಯಾದ ಕ್ರಮವೇ. ಎಣ್ಣೆ ಹೀರಿ ಪಾರದರ್ಶಕವಾದ ಸಂಪಾದಕೀಯಗಳು ಮಾತ್ರ ಆಮೇಲೆ ಎಲ್ಲೂ ಕಾಣಸಿಗಲಿಲ್ಲ.

ಫೋನಿನಲ್ಲಿ ಓದಬೇಡಿ ಎನ್ನಲು ನಾನು ಯಾರು? ನಾನೂ ಓದುತ್ತೇನೆ, ರಾತ್ರಿ ದೀಪ ಆರಿಸಿದ ಮೇಲೂ ಓದುತ್ತೇನೆ. ಕೇಳಿಕೊಳ್ಳುವುದು ಇಷ್ಟೇ: ನಮಗೆ ಕಳಿಸುವ ಮೊದಲು ತಾರೀಖು ಒಮ್ಮೆ ನೋಡಿ. ಮಳೆಯ ರಜೆಯ ಸುದ್ದಿಯಾದರೆ ಎರಡು ಸಲ ನೋಡಿ. ಪರೀಕ್ಷೆ ಮುಂದೆ ಹೋಯಿತೆಂಬ ಸುದ್ದಿಯಾದರೆ, ದಯವಿಟ್ಟು, ಮನೆಯ ಹುಡುಗರ ಕೈಗೆ ಫೋನು ಕೊಡುವ ಮುನ್ನವೇ ನೋಡಿಬಿಡಿ.