ಎಡಗಾಲಿನ ಜಾತಕ

ಆಷಾಢ ಕಳೆದ ಮೇಲೆ ಹುಣಸೂರು, ಪಿರಿಯಾಪಟ್ಟಣದ ಕಡೆ ಸುಟ್ಟ ವಾಸನೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾರದೋ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ನಮ್ಮ ಭಾವನವರೂ ಹಾಗೇ ಅಂದುಕೊಂಡು ಕಂಪಲಾಪುರದಿಂದ ಹುಣಸೂರಿನವರೆಗೆ ಬಂದರು. ಬೇಯುತ್ತಿದ್ದದ್ದು ಅವರ ಮಾರುತಿ 800ರ ಕ್ಲಚ್ ಪ್ಲೇಟು.

ಆಕ್ಸಿಲೇಟರ್ ತುಳಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಪೆಟ್ರೋಲ್ ಕಲಬೆರಕೆ ಎಂದರು ಭಾವ. ಕೇಬಲ್ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಕೆ.ಆರ್. ನಗರದ ಷಡ್ಡಕರು ಫೋನಿನಲ್ಲೇ ತೀರ್ಪು ಕೊಟ್ಟರು. ಎಚ್.ಡಿ. ಕೋಟೆಯ ಚಿಕ್ಕಪ್ಪನ ಪ್ರಕಾರ, ಕಾಡುರಸ್ತೆಯಲ್ಲಿ ಆನೆ ದಾಟುವ ತನಕ ಹಾಫ್ ಕ್ಲಚ್ಚಿನಲ್ಲೇ ನಿಂತದ್ದರ ಫಲ ಇದು. ತಾಲ್ಲೂಕಿಗೊಂದು ಅಭಿಪ್ರಾಯ. ಕೊನೆಗೆ ಗಾಡಿಯನ್ನು ಗ್ಯಾರೇಜಿಗೆ ತಳ್ಳಿದೆವು.

ಮೇಸ್ತ್ರಿ ಅಂಬಾಸಡರ್ ಕಾಲದವರು. ಅದಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. 1983ರಲ್ಲಿ ಬಂದ ಈ 796 ಸಿಸಿಯ ಪುಟ್ಟ ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳು. ಹಾಗಾಗಿ ಬ್ಯಾಟರಿ ತಂತಿ ಕಳಚಿ, ಗೇರ್ ಆಯಿಲ್ ಇಳಿಸಿ, ಎರಡೂ ಪಕ್ಕದ ಆಕ್ಸಲ್ ಎಳೆದು, ಜಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸಿದರು. ಒಳಗೆ ಕಪ್ಪು ಪುಡಿ. ಹುಡುಗ ಗಾಳಿ ಹೊಡೆಯಲು ಹೋದ. "ಊದ್ಬ್ಯಾಡ ಕಣ್ಲಾ!" ಎಂದು ಮೇಸ್ತ್ರಿ ಗದರಿದರು. ಹಳೇ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಪುಡಿ ಪುಪ್ಪುಸಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಆಮೇಲೆ ಶುರುವಾಯಿತು ಜಾತಕ ನೋಡುವ ಕೆಲಸ. ಪ್ಲೇಟಿನ ಲೈನಿಂಗ್ ಸವೆದು ರಿವೆಟ್ ಮೇಲೆದ್ದಿದೆ. ಅದು ಉಜ್ಜಿ ಫ್ಲೈವೀಲಿನ ಮೇಲೆ ಗೆರೆ, ಅಲ್ಲಲ್ಲಿ ಕಾದು ನೀಲಿಗಟ್ಟಿದ ಮಚ್ಚೆ. ರಿಲೀಸ್ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದರು; ಗರಗರ ಎಂದಿತು. ಕೊನೆಗೆ ಆಯಿಲ್ ಸೀಲ್ ಮುಟ್ಟಿ ನೋಡಿದರು. ಒಣಗಿತ್ತು.

"ಇದು ಆಯಿಲ್ ಕಾಟ ಅಲ್ಲ ಸಾ, ಕಾಲಿನ ಕಾಟ" ಎಂದರು, ಭಾವನ ಎಡಗಾಲನ್ನೇ ನೋಡುತ್ತ.

ಭಾವ ಮೈಸೂರಿನ ಟ್ರಾಫಿಕ್ಕನ್ನು ಬೈದರು. ದಾರಿಯುದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ಅವರ ಅಭ್ಯಾಸ. ನಮ್ಮಕ್ಕ ಹೇಳಿ ಹೇಳಿ ಸೋತಿದ್ದಾಳೆ.

ಫ್ಲೈವೀಲನ್ನು ಲೇಥಿಗೆ ಕೊಟ್ಟು ತಂದಾಯಿತು. ಹೊಸ ಪ್ಲೇಟು ಕೂರಿಸುವುದೇ ನಾಜೂಕಿನ ಕೆಲಸ. ಮಗ್ಗಲು ಅದಲುಬದಲಾದರೆ ಕೆಟ್ಟಿತು. ನಡುಮಧ್ಯಕ್ಕೆ ನಿಲ್ಲದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಒಳಗೇ ಹೋಗದು. ಮೇಸ್ತ್ರಿ ಗುಜರಿಯ ಗೇರ್‌ಬಾಕ್ಸಿನಿಂದ ತೆಗೆದಿಟ್ಟ ಶಾಫ್ಟನ್ನೇ ತೂರಿಸಿ ಮಧ್ಯ ಹಿಡಿದು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಪೆಡಲಿಗೆ ಬೆರಳಗಲ ಸಡಿಲ ಬಿಟ್ಟರು.

ಕ್ಲಚ್ ಕೆಲಸದಲ್ಲಿ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಆದ್ದರಿಂದ ಬೇರಿಂಗಿನ ಕಾಸು ಉಳಿಸಲು ಹೋಗಬೇಡಿ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೇ ಬದಲಾಯಿಸಿ. ಓಡಿಸುವವರನ್ನು ಬದಲಾಯಿಸುವುದು ನಿಮ್ಮ ನಿಮ್ಮ ಮನೆಯ ವಿಚಾರ.